ಅಳಿವೆಯಲ್ಲಿ ಎರಡು ದನಿ

"ಗುರುಗಳೇ, ಹಳಬನನ್ನೇ ಉಳಿಸಿಕೊಳ್ಳಲೇ, ಹೊಸಬನನ್ನು ಮುಂದಕ್ಕೆ ತರಲೇ?" ಎಂದು ಗುರುಪಾದ ಕೇಳಿದ.

ಗುರುಪಾದ ಆ ಗುರುಗಳ ಮಠದಲ್ಲೇ ಓದಿ ಬೆಳೆದವನು. ಈಗ ಪಕ್ಕದ ಊರಿನ ಶಾಲೆಯಲ್ಲಿ ಮಾಸ್ತರ. ಊರಿನ ಕಬಡ್ಡಿ ತಂಡವನ್ನು ನೋಡಿಕೊಳ್ಳುವ ಹೊಣೆಯೂ ಅವನದೇ.

"ಯಾವ ಕೆಲಸಕ್ಕೆ?" ಎಂದು ಗುರುಗಳು ಕೇಳಿದರು.

ಗುರುಪಾದ ಹೇಳಿದ. ತಂಡದ ನಾಯಕನಿಗೆ ಮೂವತ್ತೇಳು ತುಂಬಿದೆ. ಹದಿನೈದು ವರ್ಷದಿಂದ ಅವನೇ ನಾಯಕ. ಅವನು ಕಣ್ಣು ಹಾಯಿಸಿದರೆ ಸಾಕು, ಉಳಿದ ಆರು ಜನ ನಿಲ್ಲಬೇಕಾದಲ್ಲಿ ನಿಲ್ಲುತ್ತಿದ್ದರು. ಈಗ ಅವನ ಮೊಣಕಾಲು ಹೋಗಿದೆ. ಹೋದ ವರ್ಷದ ಕೊನೆಯ ಆಟದಲ್ಲಿ ಅವನೇ ಸಿಕ್ಕಿಬಿದ್ದು ತಂಡ ಸೋತಿತು. ಈ ವರ್ಷ ಇಪ್ಪತ್ತರ ಹುಡುಗನೊಬ್ಬ ಬಂದಿದ್ದಾನೆ. ಆಡಿರುವುದು ಮೂರೇ ಆಟ. ಆದರೆ ಅವನು ನಡುಗೆರೆ ದಾಟಿ ಹೋದರೆ ಎದುರಿನವರು ಹಿಂದೆ ಸರಿಯುತ್ತಾರೆ. ಇಬ್ಬರು ಕಾಲು ಹಿಡಿದರೂ ಅವರನ್ನು ಎಳೆದುಕೊಂಡೇ ಗೆರೆ ಮುಟ್ಟುತ್ತಾನೆ. ಉಸಿರು ಎಷ್ಟು ಉದ್ದ ಎಂದರೆ, ನೋಡುವವರ ಉಸಿರು ಕಟ್ಟುತ್ತದೆ. ಗುರುಪಾದ ಆ ಹುಡುಗನ ಬಗ್ಗೆ ಇನ್ನೂ ಬಹಳ ಹೊತ್ತು ಹೇಳಿದ. ಗುರುಗಳು ಕೇಳುತ್ತ ಕುಳಿತರು.

"ಇನ್ನೊಂದು ತಿಂಗಳಿಗೆ ಜಿಲ್ಲೆಯ ಪಂದ್ಯ" ಎಂದ ಗುರುಪಾದ. "ತಂಡ ಎರಡು ಪಾಲಾಗಿದೆ. ಊರೂ ಎರಡು ಪಾಲಾಗಿದೆ. ನೀವು ಹೇಳಿದಂತೆ ಮಾಡುತ್ತೇನೆ."

"ನನಗೆ ಕಬಡ್ಡಿ ತಿಳಿಯದು" ಎಂದರು ಗುರುಗಳು. "ಕಡಲೂ ತಿಳಿಯದು. ಒಂದೇ ಸಲ ನೋಡಿದ್ದೇನೆ. ಆಗ ಕೇಳಿದ ಒಂದು ಸಂಗತಿ ನೆನಪಿದೆ. ಅದನ್ನು ಹೇಳುತ್ತೇನೆ."

ಹೀಗೆಂದು ಅವರು ಹೇಳತೊಡಗಿದರು.

ಪಡುವಣ ಕರಾವಳಿಯಲ್ಲಿ ಒಂದು ಹೊಳೆ ಕಡಲನ್ನು ಸೇರುವ ಜಾಗವಿದೆ. ಅಂಥ ಜಾಗವನ್ನು ಅಲ್ಲಿಯವರು ಅಳಿವೆ ಎನ್ನುತ್ತಾರೆ. ಅಳಿವೆಗೆ ಅಡ್ಡಲಾಗಿ ನೀರಿನೊಳಗೆ ಒಂದು ಮರಳ ದಿಬ್ಬ. ಅಲೆಗಳು ಆ ದಿಬ್ಬಕ್ಕೆ ಬಡಿದು ಒಡೆಯುತ್ತವೆ. ದಿಬ್ಬದ ನಡುವೆ ಒಂದು ಕಡೆ ಮಾತ್ರ ಆಳವಾದ ಸಂದು ಇರುತ್ತದೆ. ಅದಕ್ಕೆ ಬಾಗಿಲು ಎಂದು ಹೆಸರು. ದೋಣಿ ಕಡಲಿಗೆ ಹೋಗಬೇಕಾದರೂ ಆ ಬಾಗಿಲಿನಿಂದಲೇ ಹೋಗಬೇಕು, ಮರಳಿ ಬರಬೇಕಾದರೂ ಅದರಿಂದಲೇ ಬರಬೇಕು. ಬಾಗಿಲು ತಪ್ಪಿದರೆ ದೋಣಿಯ ತಳ ಮರಳಿಗೆ ಕಚ್ಚುತ್ತದೆ. ಬೆನ್ನಿಗೇ ಬರುವ ಅಲೆ ಅದನ್ನು ಮಗುಚುತ್ತದೆ.

ದೋಣಿಯಲ್ಲಿ ಒಂಬತ್ತು ಜನ. ಎಂಟು ಜನ ಹುಟ್ಟು ಹಾಕುತ್ತಾರೆ. ಅವರು ಕುಳಿತುಕೊಳ್ಳುವುದು ಹೋಗುವ ದಿಕ್ಕಿಗೆ ಬೆನ್ನು ಮಾಡಿ. ಎದುರಿನ ಅಲೆ ಅವರಿಗೆ ಕಾಣುವುದಿಲ್ಲ. ಹಿಂದೆ ಬಿಟ್ಟು ಬಂದ ದಡ ಕಾಣುತ್ತದೆ, ಮತ್ತು ಚುಕ್ಕಾಣಿ ಹಿಡಿದು ನಿಂತವನ ಮುಖ ಕಾಣುತ್ತದೆ. ಅವನನ್ನು ತಾಂಡೇಲ ಎನ್ನುತ್ತಾರೆ. ಅವನು "ಬಡಗಕ್ಕೆ" ಎಂದರೆ ದೋಣಿ ಉತ್ತರಕ್ಕೆ ತಿರುಗಬೇಕು. "ತೆಂಕಕ್ಕೆ" ಎಂದರೆ ದಕ್ಷಿಣಕ್ಕೆ ತಿರುಗಬೇಕು. "ಈಗ" ಎಂದರೆ ಎಂಟು ಹುಟ್ಟುಗಳೂ ಒಟ್ಟಿಗೆ ನೀರಿಗೆ ಬೀಳಬೇಕು. ಏಕೆ ಎಂದು ಕೇಳುವಷ್ಟು ಹೊತ್ತು ಅಳಿವೆಯಲ್ಲಿ ಇರುವುದಿಲ್ಲ.

ಆ ಊರಿನಲ್ಲಿ ತುಳಸಕ್ಕ ಎಂಬ ಹೆಂಗಸಿದ್ದಳು. ತಂದೆಯಿಂದ ಬಂದ ದೋಣಿಯೊಂದು ಅವಳದಾಗಿತ್ತು. ಬಲೆಯೂ ಅವಳದೇ. ಅವಳಿಗೆ ಒಂದು ಗುಣವಿತ್ತು. ಯಾವುದೇ ವಿಷಯವನ್ನು ಪೂರ್ತಿ ತಿಳಿಯುವ ತನಕ ಬಿಡುತ್ತಿರಲಿಲ್ಲ. ಎದುರಿನವರಿಗೆ ಸಾಕಾಗುವ ತನಕ ಕೇಳುತ್ತಿದ್ದಳು. ಊರಿನವರು ಅವಳನ್ನು ಕಂಡರೆ ದಾರಿ ಬದಲಿಸುತ್ತಿದ್ದದ್ದೂ ಉಂಟು.

ಅವಳ ದೋಣಿಯ ತಾಂಡೇಲ ಜಟ್ಟಪ್ಪ. ಅವಳ ತಂದೆಯ ಕಾಲದಿಂದ ಅವನೇ. ಇಪ್ಪತ್ತಾರು ವರ್ಷದಲ್ಲಿ ಒಬ್ಬನನ್ನೂ ಕಡಲಿಗೆ ಕೊಟ್ಟವನಲ್ಲ. ಆದರೆ ಅವನಿಗೆ ಅರವತ್ತು ದಾಟಿತು. ಬಲಗೈಯ ಭುಜ ಸೋಲತೊಡಗಿತು. ಒಂದು ದಿನ ಅವನು ಅಲೆ ತಗ್ಗಲಿ ಎಂದು ಬಾಗಿಲ ಹೊರಗೆ ಕಾದ. ಕಾದು ಕಾದು ಇಳಿತ ಬಂದುಬಿಟ್ಟಿತು. ಒಂಬತ್ತು ಜನ ಹಸಿದುಕೊಂಡು ಮುಂದಿನ ಉಬ್ಬರದ ತನಕ ಕಡಲಲ್ಲೇ ಕುಳಿತರು. ಇನ್ನೊಂದು ದಿನ ಚುಕ್ಕಾಣಿ ಕೈಯಿಂದ ಜಾರಿ ದೋಣಿಯ ಪಕ್ಕೆ ಮರಳಿಗೆ ಉಜ್ಜಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಎಂಟು ಜನರೂ ಅದನ್ನು ಮರೆಯಲಿಲ್ಲ.

ಆ ಎಂಟು ಜನರಲ್ಲಿ ಪುರ್ಸು ಎಂಬುವನು ಒಬ್ಬ. ವಯಸ್ಸು ಇಪ್ಪತ್ತನಾಲ್ಕು. ಆರು ವರ್ಷದಿಂದ ಜಟ್ಟಪ್ಪನ ಎದುರಿನ ಹುಟ್ಟು ಅವನದು. ಆ ವರ್ಷ ಜಟ್ಟಪ್ಪ ಜ್ವರದಿಂದ ಮಲಗಿದಾಗ ಏಳು ದಿನ ಪುರ್ಸು ಚುಕ್ಕಾಣಿ ಹಿಡಿದ. ನಾಲ್ಕನೆಯ ದಿನ ಹೇಳದೆ ಕೇಳದೆ ಗಾಳಿ ಎದ್ದಿತು. ಊರಿನ ಐದು ದೋಣಿಗಳು ಬಾಗಿಲ ಹೊರಗೆ ನಿಂತುಬಿಟ್ಟವು. ಪುರ್ಸು ನಿಲ್ಲಲಿಲ್ಲ. ಎರಡು ಅಲೆಗಳ ನಡುವಿನ ತಗ್ಗಿನಲ್ಲಿ ದೋಣಿಯನ್ನು ಇಳಿಸಿ, ಮೂರನೆಯ ಅಲೆಯ ಬೆನ್ನ ಮೇಲೆ ಒಳಗೆ ತಂದ. ದಡದಲ್ಲಿ ನಿಂತವರು ಕೂಗಿಕೊಂಡರು. ಆ ಒಂದು ದಿನದ ಮಾತನ್ನು ಮೀನು ಮಾರುವ ಹೆಂಗಸರು ಹತ್ತು ಊರಿಗೆ ಹೊತ್ತುಕೊಂಡು ಹೋದರು.

ಮಳೆಗಾಲ ಬಂತು. ದೋಣಿಗಳು ದಡ ಸೇರಿದವು. ಹುಟ್ಟು ಹಾಕುವವರು ತುಳಸಕ್ಕನ ಅಂಗಳಕ್ಕೆ ಬಂದರು. ನಾಲ್ವರು ಪುರ್ಸು ತಾಂಡೇಲನಾಗಲಿ ಎಂದರು. ಮೂವರು ಜಟ್ಟಪ್ಪನೇ ಇರಲಿ ಎಂದರು. ಪುರ್ಸು ಏನೂ ಹೇಳಲಿಲ್ಲ.

ತುಳಸಕ್ಕ ಎಲ್ಲರನ್ನೂ ಕೇಳಿದಳು. ಗಾಳಿ ಎದ್ದ ದಿನ ಪುರ್ಸು ಏನು ಮಾಡಿದ, ಯಾವಾಗ ಮಾಡಿದ, ಮುಖ ಹೇಗಿತ್ತು ಎಂದೆಲ್ಲ ಕೇಳಿದಳು. ಜಟ್ಟಪ್ಪ ಕಾದ ದಿನ ಅಲೆ ಎಷ್ಟಿತ್ತು, ಬೇರೆ ದೋಣಿಗಳು ಏನು ಮಾಡಿದವು ಎಂದು ಕೇಳಿದಳು. ಒಂದು ತಿಂಗಳು ಕೇಳಿದಳು. ಕೊನೆಗೆ ಜಟ್ಟಪ್ಪನ ಮನೆಗೆ ಹೋದಳು.

"ಜಟ್ಟಪ್ಪಣ್ಣ, ಭುಜ ಹೇಗಿದೆ?" ಎಂದಳು.

"ಹುಟ್ಟು ಎಳೆಯುವುದಕ್ಕೆ ಸಾಕು, ತಂಗಿ. ಚುಕ್ಕಾಣಿಗೆ ಸಾಲದು" ಎಂದ ಜಟ್ಟಪ್ಪ. ಸುಳ್ಳು ಹೇಳುವ ಮನುಷ್ಯನಲ್ಲ ಅವನು. ಅಷ್ಟು ಹೇಳಿ ಬಲೆಯ ಕಣ್ಣು ಹೊಲಿಯುತ್ತ ಕುಳಿತ.

ತುಳಸಕ್ಕ ಪುರ್ಸುವನ್ನು ತಾಂಡೇಲನೆಂದು ಆರಿಸಿದಳು. ಆದರೆ ಅವಳ ಮನಸ್ಸಿಗೆ ನೆಮ್ಮದಿ ಇರಲಿಲ್ಲ. ಇಪ್ಪತ್ತಾರು ವರ್ಷ ದುಡಿದವನನ್ನು ದಡದಲ್ಲಿ ಬಿಟ್ಟು ಹೋಗುವುದು ಹೇಗೆ? ಪುರ್ಸುವಿನ ಹುಟ್ಟು ಈಗ ಖಾಲಿ ಇತ್ತು. ಚುಕ್ಕಾಣಿಗೆ ಎದುರಾಗಿರುವ ಜಾಗ ಅದು. ಅಲ್ಲಿ ಜಟ್ಟಪ್ಪ ಕೂರಲಿ ಎಂದಳು. ಜಟ್ಟಪ್ಪ ಆಗಲಿ ಎಂದ. ಪುರ್ಸು ಅವನ ಕಾಲು ಮುಟ್ಟಿದ. ಊರಿನವರು ತುಳಸಕ್ಕನನ್ನು ಹೊಗಳಿದರು. ಹೊಸಬನಿಗೂ ಜಾಗ ಸಿಕ್ಕಿತು, ಹಳಬನ ಮರ್ಯಾದೆಯೂ ಉಳಿಯಿತು ಎಂದರು. ಎಲ್ಲರಿಗೂ ಸಮಾಧಾನವಾಯಿತು.

ಗುರುಗಳು ಇಲ್ಲಿ ಸ್ವಲ್ಪ ತಡೆದರು. ಗುರುಪಾದ ತಲೆದೂಗಿದ. ಅವನ ಮನಸ್ಸಿಗೂ ಅದು ಒಪ್ಪಿಗೆಯಾಗಿತ್ತು. ಗುರುಗಳು ಮುಂದುವರಿಸಿದರು.

ಮಳೆಗಾಲದಲ್ಲಿ ಹೊಳೆ ತುಂಬಿ ಹರಿಯುತ್ತದೆ. ಹರಿಯುವಾಗ ಮರಳ ದಿಬ್ಬವನ್ನು ಕೊರೆಯುತ್ತದೆ. ಹೀಗಾಗಿ ಒಂದು ವರ್ಷ ಇದ್ದಲ್ಲಿ ಇನ್ನೊಂದು ವರ್ಷ ಬಾಗಿಲು ಇರುವುದಿಲ್ಲ. ಕೆಲವು ವರ್ಷ ನಾಲ್ಕು ಮಾರು ಸರಿಯುತ್ತದೆ. ಕೆಲವು ವರ್ಷ ನಲವತ್ತು ಮಾರು. ಜಟ್ಟಪ್ಪನಿಗೆ ಒಂದು ರೂಢಿ ಇತ್ತು. ಮಳೆಗಾಲದ ಕೊನೆಯ ತಿಂಗಳು ಅವನು ದಿನವೂ ದಡದ ಮರಳ ಮೇಲೆ ಕುಳಿತು ಅಲೆ ಎಲ್ಲಿ ಒಡೆಯುತ್ತದೆ, ಎಲ್ಲಿ ಒಡೆಯುವುದಿಲ್ಲ ಎಂದು ನೋಡುತ್ತಿದ್ದ. ತಾನು ಈಗ ತಾಂಡೇಲನಲ್ಲ ಎಂದು ತಿಳಿದೂ ಆ ವರ್ಷವೂ ಹೋಗಿ ಕುಳಿತ. ಬಾಗಿಲು ಬಡಗಣಕ್ಕೆ ಸರಿದದ್ದನ್ನು ಕಂಡ.

ಆದರೆ ಪುರ್ಸುವಿಗೆ ಹೇಳಲಿಲ್ಲ. ಕೇಳದೆ ಹೇಳಿದರೆ ಹುಡುಗನ ಕೈಯಿಂದ ಚುಕ್ಕಾಣಿ ಕಿತ್ತುಕೊಂಡ ಹಾಗಾಗುತ್ತದೆ ಎಂದುಕೊಂಡ. ಕೇಳಿದರೆ ಹೇಳೋಣ ಎಂದು ಕಾದ.

ಪುರ್ಸು ಕೇಳಲಿಲ್ಲ. ಮೊದಲ ದಿನವೇ ಹಳಬನನ್ನು ಕೇಳಲು ಹೋದರೆ ತಾನೆಂಥ ತಾಂಡೇಲ ಎಂದುಕೊಂಡ. ಅದೂ ಅಲ್ಲದೆ ಅವನಿಗೆ ಬಾಗಿಲು ಗೊತ್ತಿತ್ತು. ದಡದ ಒಂಟಿ ತಾಳೆಮರ ಮತ್ತು ಗುಡ್ಡದ ಮೇಲಿನ ಬಿಳಿಬಂಡೆ ಒಂದೇ ಗೆರೆಗೆ ಬಂದಾಗ ದೋಣಿ ಬಾಗಿಲಿಗೆ ನೇರವಾಗಿರುತ್ತದೆ. ಹಿಂದಿನ ವರ್ಷ ಜಟ್ಟಪ್ಪನನ್ನು ನೋಡಿಯೇ ಅವನು ಅದನ್ನು ಕಲಿತಿದ್ದ. ಈ ವರ್ಷ ಬಾಗಿಲು ಹೆಚ್ಚು ಸರಿದಿರಲಾರದು ಎಂದುಕೊಂಡ.

ನೂಲ ಹುಣ್ಣಿಮೆ ಬಂತು. ಊರಿನವರು ಕಡಲಿಗೆ ಹಾಲೆರೆದು ತೆಂಗಿನಕಾಯಿ ಬಿಟ್ಟರು. ಮರುದಿನ ಬೆಳಿಗ್ಗೆ ತುಳಸಕ್ಕನ ದೋಣಿ ಮೊದಲು ಹೊರಟಿತು.

ಪುರ್ಸು ಚುಕ್ಕಾಣಿ ಹಿಡಿದು ನಿಂತಿದ್ದ. ಜಟ್ಟಪ್ಪ ಅವನ ಎದುರಿಗೆ ದಡದ ಕಡೆ ಮುಖ ಮಾಡಿ ಕುಳಿತಿದ್ದ. ಹೊಳೆಯ ನೀರು ಮುಗಿದು ಕಡಲಿನ ನೀರು ಬಂತು. ಅಲೆ ದೋಣಿಯನ್ನು ಎತ್ತತೊಡಗಿತು. ಪುರ್ಸು ತಿರುಗಿ ನೋಡಿ ತಾಳೆಮರವನ್ನೂ ಬಿಳಿಬಂಡೆಯನ್ನೂ ಒಂದು ಗೆರೆಗೆ ತಂದುಕೊಂಡ. ಜಟ್ಟಪ್ಪನಿಗೂ ಆ ಗೆರೆ ಕಂಡಿತು. ಆ ಗೆರೆಯಲ್ಲಿ ಈಗ ಇರುವುದು ಮರಳು ಎಂದು ಅವನಿಗೆ ಗೊತ್ತಿತ್ತು. ಅವನು ಹಲ್ಲು ಕಚ್ಚಿ ಹುಟ್ಟು ಎಳೆದ. ಅಲೆ ದೋಣಿಯ ಮೂತಿಯನ್ನು ಬಡಗಣಕ್ಕೆ ತಳ್ಳಿತು.

"ತೆಂಕಕ್ಕೆ!" ಎಂದು ಪುರ್ಸು ಕೂಗಿದ.

ಜಟ್ಟಪ್ಪನ ಬಾಯಿಂದ ಮಾತು ಹೊರಟೇಹೋಯಿತು. "ಬಡಗಕ್ಕೆ! ಬಡಗಕ್ಕೆ ಹೊಡೆಯಿರೋ!"

ಕೆಲವು ಹುಟ್ಟುಗಳು ಒಂದು ಕಡೆ ಎಳೆದವು. ಕೆಲವು ಇನ್ನೊಂದು ಕಡೆ. ಒಂದೆರಡು ಗಾಳಿಯಲ್ಲೇ ನಿಂತವು. ದೋಣಿ ಅಲೆಗೆ ಅಡ್ಡವಾಯಿತು. ಎರಡನೆಯ ಅಲೆ ಅದನ್ನು ಎತ್ತಿ ಮಗುಚಿತು.

ಎಲ್ಲರೂ ಈಜು ಬಲ್ಲವರು. ಎಂಟು ಜನ ದಡದ ಕಡೆ ಬಂದರು. ಬೀರ ಎಂಬುವನ ತಲೆಗೆ ದೋಣಿಯ ಅಂಚು ಬಡಿದಿತ್ತು. ಅವನು ಮೇಲೆ ಬರಲಿಲ್ಲ. ಪುರ್ಸು ಮುಳುಗಿ ಹುಡುಕಿ ಅವನ ಜುಟ್ಟು ಹಿಡಿದ. ಜಟ್ಟಪ್ಪ ಒಂದೇ ಕೈಯಲ್ಲಿ ಈಜುತ್ತ ಬಂದು ಅವನ ಸೊಂಟ ಹಿಡಿದ. ಇಬ್ಬರೂ ಸೇರಿ ಬೀರನನ್ನು ಮರಳಿಗೆ ತಂದು ಹಾಕಿದರು. ಬೀರ ಮೂರು ದಿನ ಮಾತಿಲ್ಲದೆ ಮಲಗಿದ. ಅವನ ಹೆಂಡತಿ ಯಾರ ಮುಖವನ್ನೂ ನೋಡಲಿಲ್ಲ. ನಾಲ್ಕನೆಯ ದಿನ ಅವನು ಗಂಜಿ ಕೇಳಿದ.

ದೋಣಿಯ ಒಂದು ಪಕ್ಕೆಯ ಹಲಗೆಗಳು ಸೀಳಿದ್ದವು. ಬಂಗುಡೆ ಮೀನು ದಡಕ್ಕೆ ಬರುವ ಕಾಲ ಅದು. ಉಳಿದ ದೋಣಿಗಳು ಎರಡು ದಿನ ಬಿಟ್ಟು, ಗಳ ಹಾಕಿ ಆಳ ನೋಡಿಕೊಂಡು, ಬಡಗಣ ಬಾಗಿಲಿನಿಂದ ಹೊರಗೆ ಹೋದವು. ತುಳಸಕ್ಕನ ದೋಣಿ ಅಂಗಳದಲ್ಲಿ ಕವುಚಿ ಬಿದ್ದಿತ್ತು. ಒಂಬತ್ತು ಮನೆಯವರು ಸುಮ್ಮನೆ ಕುಳಿತರು.

ಸುಮ್ಮನೆ ಕುಳಿತವರಿಗೆ ಮಾತು ಹೆಚ್ಚು. ಊರಿನಲ್ಲಿ ಜಗಳ ಎದ್ದಿತು. "ಮುದುಕ ಹೇಳಿದ್ದೇ ಸರಿಯಾಗಿತ್ತು. ಅವನಿಗೇ ಚುಕ್ಕಾಣಿ ಕೊಟ್ಟಿದ್ದರೆ ಈ ಗತಿ ಬರುತ್ತಿರಲಿಲ್ಲ" ಎಂದರು ಕೆಲವರು. "ಸರಿಯಾಗಿದ್ದರೇನು? ಬಾಯಿ ಹಾಕಿದವನು ಅವನೇ. ಸುಮ್ಮನಿದ್ದರೆ ದೋಣಿ ಮರಳಿಗೆ ಉಜ್ಜಿಕೊಂಡಾದರೂ ದಾಟುತ್ತಿತ್ತು, ಮಗುಚುತ್ತಿರಲಿಲ್ಲ" ಎಂದರು ಇನ್ನು ಕೆಲವರು. ಜಟ್ಟಪ್ಪ ಮನೆಯಿಂದ ಹೊರಗೆ ಬರುವುದನ್ನು ಬಿಟ್ಟ. ಪುರ್ಸು ಇನ್ನು ಚುಕ್ಕಾಣಿ ಮುಟ್ಟುವುದಿಲ್ಲ ಎಂದ.

ತುಳಸಕ್ಕ ಜಗಳಕ್ಕೆ ಹೋಗಲಿಲ್ಲ. ಅವಳಿಗೆ ಒಂದು ವಿಷಯ ತಿಳಿಯಬೇಕಾಗಿತ್ತು. ತನ್ನ ಗುಣದಂತೆ ಮನೆಮನೆಗೆ ಹೋಗಿ ಕೇಳಿದಳು. ಎಲ್ಲರಿಗೂ ಒಂದೇ ಪ್ರಶ್ನೆ.

"ಆ ಹೊತ್ತಿನಲ್ಲಿ ನಿನ್ನ ಹುಟ್ಟು ಯಾವ ಕಡೆ ಎಳೆಯಿತು?"

ಪುರ್ಸುವೇ ತಾಂಡೇಲನಾಗಲಿ ಎಂದಿದ್ದ ನಾಲ್ವರಲ್ಲಿ ಮೂವರು ತಲೆ ತಗ್ಗಿಸಿದರು. "ಬಡಗಕ್ಕೆ ಎಳೆದೆವು" ಎಂದರು. ಅವರಲ್ಲಿ ಒಬ್ಬ ಹೇಳಿದ: "ತುಳಸಕ್ಕ, ಮನಸ್ಸು ಪುರ್ಸುವಿನ ಕಡೆಗೇ ಇತ್ತು. ಆದರೆ ಆ ದನಿ ಕೇಳಿದ ಕೂಡಲೇ ಕೈ ತಾನಾಗಿ ತಿರುಗಿತು. ಇಪ್ಪತ್ತು ವರ್ಷ ಕೇಳಿದ ದನಿ ಅದು."

ಜಟ್ಟಪ್ಪನೇ ಇರಲಿ ಎಂದಿದ್ದವನೊಬ್ಬ ತೆಂಕಕ್ಕೆ ಎಳೆದಿದ್ದ. "ಹೊಸ ತಾಂಡೇಲನ ಮಾತು ಕೇಳುವುದಿಲ್ಲ ಎಂದು ನಾಳೆ ನೀನೇ ನನ್ನನ್ನು ಬೈಯಬಾರದಲ್ಲ. ಹಟ ಹಿಡಿದು ಎಳೆದೆ" ಎಂದ. ಬೀರನಿಗೆ ಏನೂ ನೆನಪಿರಲಿಲ್ಲ. ಇನ್ನಿಬ್ಬರು, "ಎರಡೂ ಕೇಳಿಸಿತು. ಹುಟ್ಟು ಎತ್ತಿದವರು ಎತ್ತಿಕೊಂಡೇ ಇದ್ದೆವು" ಎಂದರು.

ಕೊನೆಗೆ ತುಳಸಕ್ಕ ಪುರ್ಸುವಿನ ಮನೆಗೆ ಹೋದಳು. ಅವನು ಬಾಗಿಲ ಬಳಿ ಕುಳಿತಿದ್ದ. ಅವನಿಗೂ ಅದನ್ನೇ ಕೇಳಿದಳು.

"ನೀನು ತೆಂಕಕ್ಕೆ ಎಂದು ಕೂಗಿದೆ. ನಿನ್ನ ಚುಕ್ಕಾಣಿ ಯಾವ ಕಡೆ ತಿರುಗಿತು?"

ಪುರ್ಸು ಒಳಗೆ ಯಾರೂ ಇಲ್ಲವೆಂದು ತಿರುಗಿ ನೋಡಿಕೊಂಡ. ಆಮೇಲೆ, "ಇದನ್ನು ಯಾರಿಗೂ ಹೇಳಿಲ್ಲ, ಅಕ್ಕ" ಎಂದ. "ಬಡಗಕ್ಕೆ ತಿರುಗಿಸಿದೆ. ಬಾಯಲ್ಲಿ ತೆಂಕಕ್ಕೆ ಎನ್ನುತ್ತಿದ್ದೆ. ಅಷ್ಟರಲ್ಲಿ ಜಟ್ಟಪ್ಪಮಾವನ ದನಿ ಬಂತು. ಕೈ ಅವನ ಮಾತು ಕೇಳಿತು."

ತುಳಸಕ್ಕನಿಗೆ ಆಶ್ಚರ್ಯವಾಯಿತು. ಅವಳು ಅಲ್ಲಿಂದ ನೇರವಾಗಿ ಜಟ್ಟಪ್ಪನ ಮನೆಗೆ ಹೋದಳು. ಕಟ್ಟೆಯ ಮೇಲೆ ಕೂರುವ ಮೊದಲೇ ಕೇಳಿದಳು.

"ಜಟ್ಟಪ್ಪಣ್ಣ, ನೀವು ಬಡಗಕ್ಕೆ ಎಂದು ಕೂಗಿದಿರಿ. ನಿಮ್ಮ ಹುಟ್ಟು?"

ಜಟ್ಟಪ್ಪ ತನ್ನ ಕೈಯನ್ನು ನೋಡಿಕೊಂಡ. "ತೆಂಕಕ್ಕೆ" ಎಂದ. "ತಾಂಡೇಲ ತೆಂಕಕ್ಕೆ ಎಂದನಲ್ಲ, ತಂಗಿ. ಹುಟ್ಟು ಹಿಡಿದವನು ತಾಂಡೇಲನ ಮಾತು ಮೀರಬಾರದು. ನಾನೇ ಎಲ್ಲರಿಗೂ ಕಲಿಸಿದ್ದು ಅದು. ಕೈ ಮೀರಲಿಲ್ಲ. ಬಾಯಿ ಮೀರಿತು."

ತುಳಸಕ್ಕ ಪುರ್ಸುವನ್ನು ಅಲ್ಲಿಗೇ ಕರೆಸಿದಳು. ಅವನು ತನಗೆ ಹೇಳಿದ್ದನ್ನು ಜಟ್ಟಪ್ಪನ ಎದುರಿಗೆ ಇನ್ನೊಮ್ಮೆ ಹೇಳಿಸಿದಳು. ಜಟ್ಟಪ್ಪ ಹೇಳಿದ್ದನ್ನು ಅವನ ಎದುರಿಗೆ ಹೇಳಿಸಿದಳು. ಇಬ್ಬರೂ ಒಬ್ಬರ ಮುಖವನ್ನು ಒಬ್ಬರು ನೋಡಿದರು. ಮಗುಚಿದ ದಿನದಿಂದ ಅವರು ಹಾಗೆ ನೋಡಿಕೊಂಡಿರಲಿಲ್ಲ.

"ಹಾಗಾದರೆ ನಾನು ನಿನ್ನ ಮಾತು ಕೇಳಿದೆ. ನೀನು ನನ್ನ ಮಾತು ಕೇಳಿದೆ" ಎಂದ ಜಟ್ಟಪ್ಪ. "ಮುಳುಗಿದ್ದು ಯಾರ ಮಾತಿಗೆ?"

ಪುರ್ಸುವಿಗೆ ನಗು ಬಂತು. ನಗುತ್ತ ನಗುತ್ತ ಅವನ ಕಣ್ಣಲ್ಲಿ ನೀರು ಬಂತು. ಅವನು ಮುದುಕನ ಪಕ್ಕದಲ್ಲಿ ಕುಳಿತು, "ಮಾವ, ಬಾಗಿಲು ಸರಿದದ್ದು ನಿನಗೆ ಹೇಗೆ ತಿಳಿಯಿತು?" ಎಂದು ಕೇಳಿದ.

ನೂಲ ಹುಣ್ಣಿಮೆಗೆ ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ ಅದು. ಜಟ್ಟಪ್ಪ ಎದ್ದು ಮೂಲೆಯಲ್ಲಿದ್ದ ಬಿದಿರಿನ ಗಳವನ್ನು ತೆಗೆದುಕೊಂಡ.

ದೋಣಿಗೆ ಹೊಸ ಹಲಗೆ ಕೂಡಿಸುವುದಕ್ಕೆ ಇಪ್ಪತ್ತು ದಿನ ಹಿಡಿಯಿತು. ಆ ಇಪ್ಪತ್ತು ದಿನವೂ ಇಬ್ಬರು ಇಳಿತದ ಹೊತ್ತಿಗೆ ಅಳಿವೆಗೆ ಹೋದರು. ಎದೆಯ ಮಟ್ಟದ ನೀರಿನಲ್ಲಿ ನಡೆದು ಗಳದಿಂದ ಆಳ ನೋಡಿದರು. ಒಡೆಯುವ ಅಲೆಯ ಬಣ್ಣ ಹೇಗೆ, ಒಡೆಯದ ಅಲೆಯ ಬಣ್ಣ ಹೇಗೆ ಎಂದು ಜಟ್ಟಪ್ಪ ತೋರಿಸಿದ. ತೋರಿಸಿ ಸುಮ್ಮನಾಗುತ್ತಿದ್ದ. ಬಾಗಿಲು ಎಲ್ಲಿ ಎಂಬುದನ್ನು ಪುರ್ಸುವೇ ಹೇಳಬೇಕಾಗಿತ್ತು. ಮೊದಲ ವಾರ ಅವನು ದಿನವೂ ತಪ್ಪು ಹೇಳಿದ.

ಹದಿನಾರನೆಯ ದಿನ ಪುರ್ಸು ಗಳ ಹಿಡಿದು ನಿಂತವನು, "ಮಾವ, ನೀನು ಕೂಗಿದ ಬಾಗಿಲೂ ಈಗ ತುಂಬುತ್ತಿದೆ" ಎಂದ. "ಅದರಿಂದಾಚೆಗೆ ಇನ್ನೊಂದು ತೆರೆಯುತ್ತಿದೆ."

ಜಟ್ಟಪ್ಪ ನಂಬಲಿಲ್ಲ. ದಡದ ಮರಳ ಮೇಲಿಂದ ನೋಡಿದ. ಅವನ ಕಣ್ಣಿಗೆ ಏನೂ ಕಾಣಲಿಲ್ಲ. ನೀರಿಗಿಳಿದು ತಾನೇ ಗಳ ಊರಿದ. ಗಳ ಪೂರ್ತಿ ಇಳಿಯಿತು. ತೆಗೆದು ಇನ್ನೊಮ್ಮೆ ಊರಿದ. ಮತ್ತೂ ಒಮ್ಮೆ ಊರಿದ. ಆಮೇಲೆ ಗಳವನ್ನು ಪುರ್ಸುವಿನ ಕೈಗೆ ಕೊಟ್ಟ.

ಆ ಸಂಜೆ ಅವನು ತಾನಾಗಿ ತುಳಸಕ್ಕನ ಮನೆಗೆ ಬಂದ.

"ಪುರ್ಸುವೇ ಚುಕ್ಕಾಣಿ ಹಿಡಿಯಲಿ" ಎಂದ. "ನಾನು ದೋಣಿಯಲ್ಲಿ ಇರುವುದಿಲ್ಲ. ನನ್ನ ಜಾಗಕ್ಕೆ ಬೇರೆಯವನನ್ನು ಹುಡುಕು."

"ನಿಮ್ಮನ್ನು ದಡದಲ್ಲಿ ಬಿಟ್ಟು ದೋಣಿ ಕಳಿಸಲು ನನಗೆ ಮನಸ್ಸು ಬರುವುದಿಲ್ಲ, ಜಟ್ಟಪ್ಪಣ್ಣ" ಎಂದಳು ತುಳಸಕ್ಕ. "ಬಾಯಿ ಬಿಡದೆ ಕೂರುತ್ತೇನೆ ಎಂದು ಮಾತು ಕೊಡಿ. ಸಾಕು."

"ಮಾತು ಕೊಡಬಹುದು. ನಾನು ಸುಮ್ಮನಿದ್ದರೂ ಅವನು ನನ್ನ ಮುಖ ನೋಡುತ್ತಾನೆ. ಎದುರಿಗೇ ಇರುತ್ತೇನಲ್ಲ" ಎಂದ ಜಟ್ಟಪ್ಪ. "ದಡದಲ್ಲಿ ಕೂರುವುದು ಕಷ್ಟವೇ, ತಂಗಿ. ಆದರೆ ಆ ಕಷ್ಟ ನನ್ನೊಬ್ಬನದು. ದೋಣಿಯಲ್ಲಿ ಕೂತರೆ ಒಂಬತ್ತು ಜನರದು."

ತುಳಸಕ್ಕ ಮರುದಿನವೇ ಆ ಹುಟ್ಟಿಗೆ ಬೇರೆಯವನನ್ನು ಹುಡುಕಿದಳು.

ದೋಣಿ ಹೊರಡುವ ಬೆಳಿಗ್ಗೆ ಊರೆಲ್ಲ ದಡಕ್ಕೆ ಬಂತು. ಬೀರನೂ ಹುಟ್ಟು ಹಿಡಿದು ಕುಳಿತ. ಅವನ ಹೆಂಡತಿ ದೂರದಲ್ಲಿ ನಿಂತಿದ್ದಳು. ಪುರ್ಸು ಚುಕ್ಕಾಣಿ ಹಿಡಿದ. ತಾಳೆಮರದ ಕಡೆ ತಿರುಗಿ ನೋಡಲಿಲ್ಲ. ಎದುರಿನ ನೀರನ್ನೇ ನೋಡುತ್ತಿದ್ದ.

ದೋಣಿ ಅಲೆಗಳನ್ನು ಮುಟ್ಟುವ ಹೊತ್ತಿಗೆ ಜಟ್ಟಪ್ಪ ಕಡಲಿಗೆ ಬೆನ್ನು ಮಾಡಿ ಮರಳಿನಲ್ಲಿ ಕುಳಿತುಬಿಟ್ಟ.

ತುಳಸಕ್ಕ ಅವನ ಹತ್ತಿರ ಬಂದಳು. "ನೋಡಬಾರದೇ, ಜಟ್ಟಪ್ಪಣ್ಣ? ಇಲ್ಲಿಂದ ಕೂಗಿದರೂ ಅವರಿಗೆ ಕೇಳಿಸುವುದಿಲ್ಲ."

"ಅವರಿಗೆ ಕೇಳಿಸುವುದಿಲ್ಲ" ಎಂದ ಜಟ್ಟಪ್ಪ. "ನನಗೆ ಕೇಳಿಸುತ್ತದೆ."

ಅವನು ಎರಡು ಕೈಗಳಿಂದ ಮೊಣಕಾಲು ಹಿಡಿದು ಕುಳಿತ. ಎದುರಿಗೆ ನಿಂತ ಜನರ ಮುಖಗಳನ್ನು ನೋಡುತ್ತಿದ್ದ. ಅವರ ಮುಖ ಬಿಗಿದಾಗ ಅವನ ಕೈ ಬಿಗಿಯಿತು. ಒಮ್ಮೆ ಎಲ್ಲರೂ ಒಟ್ಟಿಗೆ ಉಸಿರೆಳೆದರು. ಬೀರನ ಹೆಂಡತಿ ಮುಖ ಮುಚ್ಚಿಕೊಂಡಳು. ಜಟ್ಟಪ್ಪ ತಿರುಗಲಿಲ್ಲ. ಆಮೇಲೆ ಜನ ಕೂಗಿಕೊಂಡರು. ದೋಣಿ ಕಡಲಿಗೆ ಇಳಿದಿತ್ತು.

ಆಗಲೂ ಜಟ್ಟಪ್ಪ ಮೊದಲು ಕೇಳಿದ್ದು, "ಯಾವ ಬಾಗಿಲಿನಿಂದ ಹೋದ?" ಎಂದು.

"ಅವನೇ ಕಂಡುಹಿಡಿದದ್ದರಿಂದ" ಎಂದಳು ತುಳಸಕ್ಕ.

"ಎಷ್ಟು ಅಲೆ ಕಾದ?"

"ಎರಡು."

"ನಾನಾಗಿದ್ದರೆ ನಾಲ್ಕು ಕಾಯುತ್ತಿದ್ದೆ" ಎಂದ ಜಟ್ಟಪ್ಪ. ಹೇಳಿ ಎದ್ದು ಕಡಲಿನ ಕಡೆ ತಿರುಗಿದ. ದೋಣಿ ಆಗಲೇ ಸಣ್ಣದಾಗಿ ಕಾಣುತ್ತಿತ್ತು.

ಆ ದಿನ ದೋಣಿಯ ತುಂಬ ಬಂಗುಡೆ ಬಂತು. ಜಟ್ಟಪ್ಪ ಮೀನು ಇಳಿಸುವವರ ನಡುವೆ ಓಡಾಡುತ್ತ ಒಬ್ಬೊಬ್ಬನನ್ನೇ ಹಿಡಿದು ಕೇಳಿದ. ಅಲೆ ಹೇಗಿತ್ತು, ಮೂತಿ ಎಷ್ಟು ಎದ್ದಿತು, ಪುರ್ಸು ಏನೆಂದು ಕೂಗಿದ, ನಿಮ್ಮ ಕೈ ತಡೆಯಿತೋ ಇಲ್ಲವೋ ಎಂದು ಕೇಳಿದ. ಅವರು ಹೇಳಿ ಹೇಳಿ ಸಾಕಾದರು. ಈಗ ಊರಿನಲ್ಲಿ ಕೇಳುವವರು ಇಬ್ಬರಾದರು ಎಂದು ತುಳಸಕ್ಕನ ನೆರೆಯವರು ನಕ್ಕರು. ಆಮೇಲೆ ಎಂಟು ವರ್ಷ ಅವನು ಬದುಕಿದ್ದ. ಪ್ರತಿ ಮಳೆಗಾಲದ ಕೊನೆಗೆ ಪುರ್ಸು ಅವನನ್ನು ಕರೆದುಕೊಂಡು ಬಾಗಿಲು ನೋಡಲು ಹೋಗುತ್ತಿದ್ದ. ಕೊನೆಯ ಎರಡು ವರ್ಷ ಎತ್ತಿಕೊಂಡು ಹೋದ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.  ಗುರುಪಾದನ ಮುಖ ಅರಳಿತು.

"ತಿಳಿಯಿತು, ಗುರುಗಳೇ. ತುಳಸಕ್ಕ ಮೊದಲ ಸಲ ಆರಿಸಿದ್ದು ತಪ್ಪಾಗಿರಲಿಲ್ಲ. ನಾನೂ ಹೊಸಬನನ್ನೇ ಆರಿಸುತ್ತೇನೆ."

"ಅವನನ್ನು ನೀನು ಮನೆಯಲ್ಲೇ ಆರಿಸಿ ಬಂದಿದ್ದೀಯೆ" ಎಂದರು ಗುರುಗಳು. "ಇನ್ನೊಬ್ಬನನ್ನು ಎಲ್ಲಿ ಕೂರಿಸುತ್ತೀಯೆ?"

ಗುರುಪಾದ ಎದ್ದು ಹಳೆಯ ನಾಯಕನ ಮನೆಯ ದಾರಿ ಹಿಡಿದ.